ಮೂರನೇ ದರ್ಜೆಯ ಕಲ್ಲು

"ಕತ್ತು ಇಡ್ಕಳ್ರಲಾ, ಕತ್ತು! ವಾಲ್ತಾ ಅದೆ, ಕಾಣಕಿಲ್ವಾ ನಿಮ್ಗೆ?"

ದೊಡ್ಡಮಲ್ಲಮ್ಮ ಕೂಗುತ್ತಲೇ ತಮ್ಮನ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನಿನ್ನೆ ಸಂಜೆ ಕೂರಿಸಿ ಬಿಗಿದಿದ್ದ ಪಂಚೆಯನ್ನು ಸ್ನಾನಕ್ಕೆಂದು ಈಗಷ್ಟೇ ಬಿಚ್ಚಿದ್ದರು. ರಾಜಶೇಖರನ ಹೆಣ ಜಗಲಿಯ ಕಂಬಕ್ಕೆ ಒರಗಿ, ಕಾಲು ಮಡಚಿಕೊಂಡು, ಪೂಜೆಗೆ ಕೂತವರ ಹಾಗೆ ಕೂತಿತ್ತು. ಕುದೇರಿನ ಈ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ಕೂತವರನ್ನು ಕೂತ ಹಾಗೆಯೇ ಗುಣಿಗೆ ಇಳಿಸುತ್ತಾರೆ. ಅದಕ್ಕೆ ಬೆನ್ನು ನೆಟ್ಟಗಿರಬೇಕು, ಕತ್ತು ನಿಲ್ಲಬೇಕು.

"ಶಿವಮಲ್ಲು, ನೀನಾರೂ ಬಾರ್ಲಾ. ಆ ಪಂಚೆ ತಗಂಡು ಕಂಬಕ್ಕೆ ಬಿಗಿ."

ಶಿವಮಲ್ಲು ಸತ್ತವನ ದಾಯಾದಿ ಅಣ್ಣನ ಮಗ, ಮೂವತ್ತು ದಾಟಿದ ಗಟ್ಟಿ ಆಳು. ಬೀದಿಯ ಆಚೆ ಬದಿಯಲ್ಲಿ ಕೈಕಟ್ಟಿ ನಿಂತಿದ್ದವನು ಅಲ್ಲಿಂದ ಅಲುಗಲಿಲ್ಲ.

"ಬ್ಯಾರೆ ಯಾರ್ನಾರೂ ಕರಿ ಅತ್ತೆ. ನನ್ ಕೈಲಾಗಕಿಲ್ಲ."

"ಯಾಕ್ಲಾ? ಕೈಗೇನ್ ಬಂದದೆ ನಿಂಗೆ?"

"ಕೈಗೇನೂ ಬಂದಿಲ್ಲ. ಹಣೆಗೆ ಬಂದಿತ್ತಲ್ಲ, ಅದಿನ್ನೂ ಮಾಸಿಲ್ಲ." ಹುಬ್ಬಿನ ಮೇಲಿನ ಗಾಯದ ಕಲೆಯನ್ನು ಬೆರಳಲ್ಲಿ ಮುಟ್ಟಿ ತೋರಿಸಿದ. "ಸುಳ್ ದರ್ಜೆ ಬರ್ದು ನಮ್ಮನ್ನೆಲ್ಲ ಬೀದಿಗ್ ತಂದ ಮನ್ಸ. ಅವ್ನ್ ಹೆಣ ಕಟ್ಟಾಕೆ ನಾನೇ ಬೇಕಾ?"

ಪಕ್ಕದಲ್ಲಿದ್ದವರು ಯಾರೂ ಅವನನ್ನು ಗದರಲಿಲ್ಲ. ಒಬ್ಬರಾದರೂ "ಸಾವಿನ ಮನೆ ಕಣ್ಲಾ, ಬಾಯ್ ಮುಚ್ಚು" ಅನ್ನಬಹುದಿತ್ತು. ಅನ್ನಲಿಲ್ಲ. ಹೆಣದ ಪಕ್ಕದಲ್ಲೇ ಕೂತಿದ್ದ ನಯನಾಳಿಗೆ ಗಂಡ ಸತ್ತ ದುಃಖಕ್ಕಿಂತ ಈ ಮೌನವೇ ಹೆಚ್ಚು ಉರಿಯಿತು. ಇದೇ ಊರಿನ ಹುಡುಗರು ಕೆಲಸ ಬೇಕು ಎಂದು ಗುಂಡ್ಲುಪೇಟೆಯ ತನ್ನ ಮನೆಗೆ ಬಂದು ತಟ್ಟೆ ಮುಂದೆ ಕೂತು ಉಂಡು ಹೋದವರು. ಆಗ ಚಿಕ್ಕಪ್ಪ, ಚಿಕ್ಕಪ್ಪ ಎಂದು ಬಾಯಿ ತುಂಬ ಕರೆದಿದ್ದೇ ಕರೆದಿದ್ದು.

ಅವಳು ಎದ್ದಳು. ಪಂಚೆಯನ್ನು ತಾನೇ ತೆಗೆದುಕೊಂಡು ಗಂಡನ ಎದೆಗೂ ಕಂಬಕ್ಕೂ ಸೇರಿಸಿ ಸುತ್ತಿದಳು. ಗಂಟು ಹಾಕುವಾಗ ಮಂಡಿಯಿಂದ ಕಂಬವನ್ನು ಒತ್ತಿ ಹಿಡಿದು ಜಗ್ಗಿದಳು.

"ನೀನ್ಯಾಕವ್ವ, ಮುತ್ತೈದೆ..." ಎಂದ ದೊಡ್ಡಮಲ್ಲಮ್ಮ, ತಾನು ಅಂದದ್ದು ತನಗೇ ಕೇಳಿಸಿ ಸೆರಗು ಬಾಯಿಗಿಟ್ಟುಕೊಂಡಳು.

"ನಾನೇ ಕಟ್ತೀನಿ ಅತ್ತಿಗೆ. ಇವರು ಸುಳ್ಳು ಬರೆದೋರಲ್ಲ. ಮಣ್ಣು ಹಾಕೋದ್ರೊಳಗೆ ಈ ಊರೋರ ಬಾಯಲ್ಲೇ ಅದನ್ನ ಹೇಳಿಸ್ತೀನಿ, ಇಲ್ದಿದ್ರೆ ನಾನು ಮಣ್ಣು ಹಾಕೋಕೆ ಬಿಡಲ್ಲ."

ಹೇಗೆ ಹೇಳಿಸುವುದು ಎಂದು ಅವಳಿಗೇ ಗೊತ್ತಿರಲಿಲ್ಲ. ಕೋಪದ ಮಾತು ಅದು. ನಿನ್ನೆ ಬೆಳಿಗ್ಗೆ ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ, ಮೈಸೂರಿನ ಬಸ್ಸಿಗೆ ಕಾಯುತ್ತ, ಹೆಗಲ ಚೀಲದ ಸಮೇತ ಕುಸಿದು ಬಿದ್ದ ಮನುಷ್ಯ ಆ ಹೊತ್ತಿಗೆ ಅದನ್ನೇ ಹೇಳಲು ಹೊರಟಿದ್ದ. ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಬೀಗ ತೆಗೆದ ದಿನವೇ ಹೋಗಿಬಿಡಬೇಕೇ?

*

ರಾಜಶೇಖರ ಕಲ್ಲು ತಿನ್ನುತ್ತಿದ್ದ. ತಮಾಷೆಗೆ ಹೇಳುವ ಮಾತಲ್ಲ, ನಿಜವಾಗಿ ಹಲ್ಲಿಗಿಟ್ಟು ಕಡಿಯುತ್ತಿದ್ದ.

ಮದುವೆಯಾದ ಹೊಸತರಲ್ಲಿ ನಯನಾ ಅದನ್ನು ನೋಡಿ ಹೆದರಿದ್ದಳು. "ಬಸುರಿ ಹೆಂಗಸ್ರು ಮಣ್ಣು ತಿಂತಾರೆ ಅಂತ ಕೇಳಿದ್ದೆ. ನಿಮಗೇನು ಬಂತು?" ಎಂದಿದ್ದಳು. ಅವನು ನಕ್ಕು, ಕಪ್ಪು ಚೂರೊಂದನ್ನು ಅವಳ ಕೈಗೂ ಕೊಟ್ಟಿದ್ದ. "ಕಡಿ. ಕರಕರ ಅಂತಾ? ಹಾಗಂದ್ರೆ ಮರಳಿದೆ. ಬೆಣ್ಣೆ ಹಾಗೆ ಜಾರಿದ್ರೆ ಜೇಡಿ. ಮಿಶೀನಿಗೆ ಹಾಕೋಕೆ ಮುಂಚೆ ಹಲ್ಲಿಗೆ ಹಾಕ್ಬೇಕು ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ರು."

ಗುಂಡ್ಲುಪೇಟೆಯಿಂದ ದಿನಾ ಹೋಗಿಬರುತ್ತಿದ್ದ ಮೈಸೂರಿನ ಕಂಪನಿಯ ಲ್ಯಾಬಿನಲ್ಲಿ ಅವನ ಕೆಲಸ ಅದು. ನೆಲದಾಳದಿಂದ ಕೊರೆದು ತಂದ ಶೇಲ್ ಎಂಬ ಪದರಗಲ್ಲನ್ನು ಪರೀಕ್ಷಿಸಿ, ಅದರೊಳಗಿಂದ ಗ್ಯಾಸು ಬರುತ್ತದೆಯೋ ಇಲ್ಲವೋ ಎಂದು ದರ್ಜೆ ಹಾಕುವುದು. ಒಂದನೇ ದರ್ಜೆ ಅಂದರೆ ಕೊರೆಯಬಹುದು. ಎರಡನೆಯದಾದರೆ ಯೋಚಿಸಬೇಕು. ಮೂರನೆಯದಾದರೆ ಆ ನೆಲವನ್ನು ಮುಟ್ಟಬಾರದು, ಉಳುವವರಿಗೆ ಬಿಟ್ಟು ಬರಬೇಕು.

ಕೆಲವು ವರ್ಷದ ಹಿಂದಿನ ಒಂದು ಭಾನುವಾರ. ತಮಿಳುನಾಡಿನ ಕಡೆಯ ಹೊಸ ಜಾಗವೊಂದರ ಕಲ್ಲು ಬಂದಿತ್ತು. ಲ್ಯಾಬಿನಲ್ಲಿ ಮಿಕ್ಕ ತುಂಡೊಂದನ್ನು ರಾಜಶೇಖರ ಮನೆಗೆ ತಂದಿದ್ದ. ಜೊತೆಗೆ ಸೋಮೇಶನೂ ಬಂದಿದ್ದ. ಸಂತೆಮರಹಳ್ಳಿಯವನು, ರಾಜಶೇಖರನೇ ಕೈಹಿಡಿದು ಲ್ಯಾಬಿಗೆ ಸೇರಿಸಿದವನು. ಭಾನುವಾರ ಬಂತೆಂದರೆ ನಯನಾಳ ಅಡುಗೆಮನೆಯಲ್ಲೇ ಅವನ ಊಟ.

ಕಲ್ಲು ಹೆಬ್ಬೆರಳಿಗಿಂತ ತುಸು ದಪ್ಪ, ಉರುಟಾಗಿ ನುಣ್ಣಗೆ ಕೊರೆದಿತ್ತು. ಕಪ್ಪು ಮೈಯಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ. ರಾಜಶೇಖರ ಅದನ್ನು ಎರಡಾಗಿ ಮುರಿದ. ಒಂದು ತುಂಡನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದ. ಇನ್ನೊಂದನ್ನು ನೀರು ತುಂಬಿದ ಸ್ಟೀಲ್ ಲೋಟಕ್ಕೆ ಬಿಟ್ಟ.

"ನಯನಾ, ನೋಡು ಬಾ."

ಲೋಟದೊಳಗೆ ಸಣ್ಣಗೆ ಸುಂಯ್ ಎಂದಿತು. ಕಲ್ಲಿನ ಮೈಯಿಂದ ಗುಳ್ಳೆ ಎದ್ದವು. ಪದರ ಪದರವಾಗಿ ಬಿಟ್ಟುಕೊಂಡು, ನೋಡುತ್ತಿದ್ದಂತೆಯೇ ತಳದಲ್ಲಿ ಕಪ್ಪು ಕೆಸರಾಗಿ ಕೂತಿತು.

"ಅಯ್ಯೋ, ಕಲ್ಲು ಕರಗೋಯ್ತಲ್ರೀ!"

"ಜೇಡಿ ಜಾಸ್ತಿ. ಅದಕ್ಕೇ." ರಾಜಶೇಖರ ಸೋಮೇಶನ ಕಡೆ ತಿರುಗಿದ. "ಗ್ಯಾಸು ಒಳಗಿದ್ರೆ ಸಾಲದು ಸೋಮೇಶ. ಕಲ್ಲು ಒಡೀಬೇಕು, ಒಡೆದ ಬಿರುಕು ಬಿಟ್ಟಹಾಗೇ ಇರ್ಬೇಕು. ಚಕ್ಕುಲಿ ಮುರಿದ್ರೆ ಮುರಿದಂಗೇ ಇರುತ್ತೆ. ಮುದ್ದೆಗೆ ಬೆರಳು ಹಾಕಿ ತೆಗೆದು ನೋಡು, ಮತ್ತೆ ಮುಚ್ಕೊಳ್ಳುತ್ತೆ. ಇದು ಮುದ್ದೆ. ಒಡೆಯೋಕೆ ಅಂತ ಎಷ್ಟು ನೀರು ನುಗ್ಗಿಸಿದ್ರೂ ಅಷ್ಟೇ, ಅಲ್ಲಿನವರ ಬಾವಿ ಕೆಡುತ್ತೆ ಹೊರತು ಗ್ಯಾಸು ಬರಲ್ಲ. ಮೂರನೇದು ಅಂತ ಹಾಕ್ತೀನಿ."

"ಸಾರ್, ಒಂದನೇದು ಅಂತ ಮೇಲಿನವರು ಆಗಲೇ ಎಲ್ಲರಿಗೂ ಹೇಳ್ಕೊಂಡು ಬಂದಿದ್ದಾರೆ. ಮೂರು ಅಂದ್ರೆ ಕಂಪನಿ ಒಪ್ಪಲ್ಲ."

"ಕಂಪನಿ ಒಪ್ಪಲ್ಲ ಅಂತ ಕಲ್ಲಿಗೆ ಗೊತ್ತಾ?"

ಸೋಮೇಶ ನಕ್ಕ. ನಯನಾಳೂ ನಕ್ಕಳು. ಆ ಲೋಟವನ್ನು ಎಷ್ಟು ತಿಕ್ಕಿದರೂ ತಳದ ಕಪ್ಪು ಪೂರ್ತಿ ಹೋಗಲಿಲ್ಲ, ಕೊನೆಗೆ ಅದನ್ನು ಬಚ್ಚಲಿಗೆ ಹಾಕಿದಳು.

*

ಬಿಸಿಲೇರುವ ಹೊತ್ತಿಗೆ ಬೀದಿಯ ತುದಿಯಲ್ಲಿ ಬಿಳಿ ಕಾರು ಬಂದು ನಿಂತಿತು. ಇಳಿದವನು ಸೋಮೇಶ. ಇಬ್ಬರು ಹೊರಬೇಕಾದಷ್ಟು ದೊಡ್ಡ ಸುಗಂಧರಾಜದ ಹಾರ, ಅದರ ನಡುವೆ ಕಂಪನಿಯ ಹೆಸರಿನ ಪಟ್ಟಿ. ತಮಿಳುನಾಡಿನ ಆ ಜಾಗದಲ್ಲಿ ಕೊರೆದಿದ್ದ ಬೋರನ್ನು ಮುಚ್ಚಿಕೊಂಡು ಕಂಪನಿ ಬೇರೆ ಕಡೆ ಹೋಗಿತ್ತು. ಸೋಮೇಶ ಮಾತ್ರ ಅದರೊಳಗೇ ಮ್ಯಾನೇಜರ್ ಆಗಿದ್ದ.

ಹಾರ ಹಾಕಿದ, ಕೈಮುಗಿದ, ಕಣ್ಣೊರೆಸಿಕೊಂಡ. ಆಮೇಲೆ ಗಂಡಸರು ನಿಂತಿದ್ದ ಕಡೆಗೆ ಹೋಗಿ ಶಿವಮಲ್ಲುವಿನ ಹೆಗಲ ಮೇಲೆ ಕೈಯಿಟ್ಟ.

"ನಿಮ್ಮ ನೋವು ನನಗೆ ಅರ್ಥ ಆಗುತ್ತೆ ಶಿವಮಲ್ಲು. ಆದ್ರೆ ಇವತ್ತು ಸಾರ್‌ನ ಬೈಬೇಡಿ. ದೊಡ್ಡ ಮನುಷ್ಯರು. ಒಂದನೇ ದರ್ಜೆ ಅಂತ ಅವರು ನಂಬಿ ಕೊಟ್ಟರು, ಅಂದಾಜು ತಪ್ಪಿತು. ತಪ್ಪು ಯಾರು ಮಾಡಲ್ಲ ಹೇಳಿ? ನಾವೆಲ್ಲ ಕ್ಷಮಿಸಿಬಿಡೋಣ."

ಕ್ಷಮಿಸುತ್ತಾನಂತೆ! ಆ ಮಾತು ಜಗಲಿಯವರೆಗೂ ಕೇಳಿಸಿತು. ನಯನಾಳ ಮೈಯೆಲ್ಲ ಉರಿದುಹೋಯಿತು.

"ನೀನು ಕ್ಷಮಿಸ್ತೀಯಾ ಸೋಮೇಶ? ಇವರನ್ನ? ನೀನು?"

ಅವನು ಬೇಗ ಬೇಗ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ದನಿ ಇಳಿಸಿದ. "ಅಕ್ಕ, ಈಗ ಬೇಡ. ಜನ ನೋಡ್ತಾ ಇದ್ದಾರೆ."

"ನೋಡ್ಲಿ. ಮೂರು ಅಂತ ಇವರು ಕೊಟ್ಟಿದ್ದು ಮೇಲೆ ಹೋಗೋಷ್ಟರಲ್ಲಿ ಒಂದು ಆಗಿತ್ತು. ಮಧ್ಯದಲ್ಲಿ ಇದ್ದೋನು ನೀನೊಬ್ಬನೇ. ಇವರು ಹೋಗಿ ಕೇಳಿದ್ದಕ್ಕೆ ಕೆಲಸದಿಂದ ತೆಗೆದ್ರು. ನೀನು ರಾತ್ರಿ ಬಂದು ಇವರ ಕಾಲು ಹಿಡ್ಕೊಂಡು ಅತ್ತೆ. ನಾನೇ ಕಾಫಿ ಮಾಡಿಕೊಟ್ಟೆ ನಿನಗೆ, ದರಿದ್ರ."

"ಅಕ್ಕ, ನನ್ನ ಮಾತು ಕೇಳಿ. ಬಾವಿ ನೀರು ಕೆಟ್ಟಿದ್ದರ ವಿಚಾರಣೆಯವರು ಒಬ್ಬರ ಹೆಸರು ಬೇಕು ಅಂತಾರೆ. ಸಾರ್ ಹೋದ್ರು. ಹೋದವರನ್ನ ಜೈಲಿಗೆ ಹಾಕೋಕಾಗಲ್ಲ. ನನಗಿಬ್ಬರು ಮಕ್ಕಳಿದ್ದಾರೆ. ನೀವು ಸುಮ್ಮನಿದ್ರೆ ಯಾರಿಗೂ ಏನೂ ಆಗಲ್ಲ."

ನಯನಾ ಅವನ ಮುಖವನ್ನೇ ನೋಡಿದಳು. ಎಷ್ಟು ಸಲೀಸಾಗಿ ಹೇಳಿಬಿಟ್ಟ! ಸತ್ತವರ ತಲೆ ಮೇಲೆ ಗೂಬೆ ಕೂರಿಸುವುದೆಂದರೆ ಇವನಿಗೆ ಯಾರಿಗೂ ನಷ್ಟವಿಲ್ಲದ ವ್ಯವಹಾರ. ಕಂಬಕ್ಕೆ ಕಟ್ಟಿ ಕೂರಿಸಿದ್ದ ಮನುಷ್ಯ ಅವನ ಲೆಕ್ಕದಲ್ಲಿ ಯಾರೂ ಅಲ್ಲ.

"ಆಗೋದು ಆಗ್ಲೇ ಆಗಿದೆ," ಎಂದಳು ಎಲ್ಲರಿಗೂ ಕೇಳುವಂತೆ. "ಇವರ ಹೆಣ ಕಟ್ಟೋಕೆ ಇಷ್ಟು ಜನರಲ್ಲಿ ಒಂದು ಕೈ ಮುಂದೆ ಬರಲಿಲ್ಲ. ಎದ್ದು ನಿಂತು ನಿಜ ಹೇಳು."

ಸೋಮೇಶ ಎದ್ದು ನಿಂತ. ನಿಂತವನು ತಲೆ ಆಡಿಸುತ್ತ ಜನರ ಕಡೆ ತಿರುಗಿದ. "ಪಾಪ, ಅಕ್ಕನಿಗೆ ಶಾಕ್ ಆಗಿದೆ. ಯಾರಾದ್ರೂ ಒಂಚೂರು ನೀರು ಕೊಡಿ."

ಅಷ್ಟೇ. ಹೆಂಗಸರು ಅವಳ ಬೆನ್ನು ಸವರಿದರು, ಗಂಡಸರು ಲೊಚಗುಟ್ಟಿದರು. ಗಂಡ ಸತ್ತ ಹೆಂಗಸು ಏನಂದರೂ ಹುಚ್ಚುಮಾತು ಎಂದು ತಳ್ಳಿಹಾಕುವ ಅನುಕೂಲ ಈ ಜಗತ್ತಿಗೆ ಎಷ್ಟೊಂದಿದೆ, ನೋಡಿ! ದೊಡ್ಡಮಲ್ಲಮ್ಮ ಮಾತ್ರ ಒಳಗೆ ಹೋದಳು. ಗುಣಿಯಲ್ಲಿ ತಮ್ಮನ ಜೊತೆ ಇಡಲು ಅವನದೇನಾದರೂ ಇದೆಯೇ ಎಂದು ಅವನ ಹೆಗಲ ಚೀಲವನ್ನು ಬಿಚ್ಚಿದಳು.

*

ಸಾಯುವ ಹಿಂದಿನ ದಿನ ರಾಜಶೇಖರ ಅಕ್ಕನನ್ನು ನೋಡಿಕೊಂಡು ಕುದೇರಿನಿಂದ ಹಿಂತಿರುಗುವಾಗ, ಸಂತೆಮರಹಳ್ಳಿಯಲ್ಲಿ ಬಸ್ಸಿಗೆ ನಿಂತಿದ್ದ. ಸಂತೆಯ ದಿನ. ಶಿವಮಲ್ಲು ಎದುರು ಬಂದ.

ಬೋರಿನ ಕೆಲಸಕ್ಕೆಂದು ಕುದೇರು, ಉಡಿಗಾಲದ ಹುಡುಗರನ್ನು ಕಂಪನಿ ತಮಿಳುನಾಡಿಗೆ ಕರೆದೊಯ್ದಿತ್ತು. ಕೊರೆದರು, ನೀರು ನುಗ್ಗಿಸಿದರು, ಗ್ಯಾಸು ಬರಲಿಲ್ಲ. ಸುತ್ತಲಿನ ಬಾವಿಗಳ ನೀರು ಕೆಟ್ಟಿತು. ಆ ಊರಿನವರು ರೊಚ್ಚಿಗೆದ್ದು ಕಲ್ಲು ಬೀಸಿದಾಗ ದೊಡ್ಡವರೆಲ್ಲ ಕಾರು ಹತ್ತಿ ಹೋಗಿದ್ದರು. ಸಿಕ್ಕವರು ಶಿವಮಲ್ಲುವಿನಂಥವರು.

"ಏನ್ ಚಿಕ್ಕಪ್ಪ, ಆರಾಮಾಗಿದ್ದೀಯಾ?" ಎಂದು ಅವನು ಸಂತೆಗೆಲ್ಲ ಕೇಳುವ ಹಾಗೆ ಶುರು ಮಾಡಿದ. "ಒಂದ್ನೇ ದರ್ಜೆ ಕಲ್ಲು ಅಂತ ಬರ್ದಲ್ಲಪ್ಪ, ನಿನ್ ಕೈ ಸೇದೋಗ. ಅಲ್ಲೀ ಮುದ್ಕ ಒಬ್ಬ ತನ್ ಬಾವಿ ನೀರ್ನ ಕೊಡದಲ್ಲಿ ತಂದು ನನ್ ಮಕದ್ ಮುಂದೆ ಇಡ್ದು, ‘ಕುಡಿ ಪಾಕ್ಕಲಾಂ’ ಅಂದ ಕಣ. ಕುಡ್ದು ತೋರ್ಸು ಅಂತ. ನಾನೇನ್ ಏಳ್ಲಿ ಅವನ್ಗೆ? ನಮ್ ಚಿಕ್ಕಪ್ಪ ಬರ್ದವ್ನೆ ಅಂತ ಏಳ್ಲಾ?"

ರಾಜಶೇಖರ ಹೆಗಲ ಚೀಲ ಸರಿಮಾಡಿಕೊಂಡ. ಬಸ್ಸು ಬಂತು, ಹತ್ತಿದ.

ಮನೆಗೆ ಬಂದವನು ಚಪ್ಪಲಿ ಬಿಡದೆ ಒಳಗೆ ಬಂದು ಕೂತ. ಚಪ್ಪಲಿ ಹಾಕಿಕೊಂಡು ನಡುಮನೆ ತುಳಿದವನಲ್ಲ ಅವನು. ನಯನಾ ಹೊಲಿಗೆ ಮಿಶೀನು ನಿಲ್ಲಿಸಿದಳು.

"ನೀರು ಕುಡಿದು ತೋರಿಸು ಅಂದನಂತೆ," ಎಂದ ಅವನು. "ನಾನು ಕುಡೀಬೇಕಾಗಿದ್ದ ನೀರು. ನಮ್ಮ ಹುಡುಗನ ಮುಂದೆ ಹಿಡಿದನಂತೆ."

ನಡೆದದ್ದನ್ನು ಕೇಳಿ ನಯನಾಳಿಗೆ ಗಂಡನ ಮೇಲೆಯೇ ಸಿಟ್ಟು ಬಂತು. "ಇಷ್ಟು ದಿನ ನಿಮ್ಮ ನಾಲಿಗೆ ಏನು ಬಿದ್ದುಹೋಗಿತ್ತಾ? ಆ ಸೋಮೇಶನ ಮಕ್ಕಳು, ಸೋಮೇಶನ ಹೆಂಡತಿ, ಸೋಮೇಶನ ಕೆಲಸ! ಅವನು ಬೆಳೆದ, ನಿಮ್ಮನ್ನ ತುಳಿದ. ನೀವು ದೇವರ ಹಾಗೆ ಕೂತಿದ್ದೀರಿ."

"ನನ್ನ ಹೆಸರು ಹೋದ್ರೆ ನನ್ನೊಬ್ಬನದು ಹೋಗುತ್ತೆ ಅಂದ್ಕೊಂಡಿದ್ದೆ ಕಣೇ." ಅವನು ಎದ್ದು ಬೀರುವಿನ ಮೇಲಿದ್ದ ಡಬ್ಬಿಯನ್ನು ತೆಗೆದ. ಮುಚ್ಚಳ ತೆರೆದು ಕಲ್ಲು ಒಣಗಿದೆಯೇ ಎಂದು ಬೆರಳಿಂದ ಸವರಿದ. "ವಿಚಾರಣೆಯವರು ಮೈಸೂರಿಗೆ ಬಂದಿದ್ದಾರಂತೆ. ನಾಳೆ ಬೆಳಿಗ್ಗೆನೇ ಹೋಗ್ತೀನಿ. ಬೇರೆ ಏನೂ ಹೇಳಲ್ಲ. ಒಂದು ಲೋಟ ನೀರು ತರಿಸಿ ಅಂತೀನಿ."

ಆ ರಾತ್ರಿ ಅವನು ಎರಡು ಮುದ್ದೆ ಉಂಡ. ಬಹಳ ದಿನದ ಮೇಲೆ ಹಾಗೆ ಉಂಡಿದ್ದ.

*

ಗುಣಿ ಹೊಲದ ಬದುವಿನಲ್ಲಿತ್ತು. ಸಿದ್ದಯ್ಯ ಬೆಳಗಿನಿಂದ ತೋಡಿ, ಒಳಗೆ ಪಕ್ಕಕ್ಕೆ ಗೂಡು ಕೊರೆದು, ತಳಕ್ಕೆ ಉಪ್ಪು ವಿಭೂತಿ ಹರಡಿ, ಈಗ ಗುದ್ದಲಿ ಊರಿಕೊಂಡು ಬದಿಗೆ ನಿಂತಿದ್ದ. ಹೊತ್ತು ತಂದ ಹೂವಿನ ವಿಮಾನದಿಂದ ರಾಜಶೇಖರನನ್ನು ಇಳಿಸಿ ಗೂಡಿನೊಳಗೆ ಕೂರಿಸಿದರು. ಎಡಗೈಯಲ್ಲಿ ಇಷ್ಟಲಿಂಗ. ಗುರುಪಾದಸ್ವಾಮಿಗಳು ಮಂತ್ರ ಹೇಳುತ್ತ ಬಿಲ್ವಪತ್ರೆ ಹಾಕಿದರು. ಮೊದಲ ಹಿಡಿ ಮಣ್ಣು ಹಾಕಲು ದೊಡ್ಡವರ ಸಾಲಿನಲ್ಲಿ ಸೋಮೇಶ ಎಲ್ಲರಿಗಿಂತ ಮುಂದೆ ನಿಂತಿದ್ದ. ಹಾರ ತಂದವನಲ್ಲವೇ? ಶಿವಮಲ್ಲು ಸಾಲಿನಲ್ಲೂ ಇಲ್ಲ, ದೂರದ ಹುಣಸೆಮರದ ಬುಡದಲ್ಲಿದ್ದ.

"ಒಸಿ ತಡೀರಿ ಬುದ್ಧೀ," ಎಂದು ದೊಡ್ಡಮಲ್ಲಮ್ಮ ಸೊಂಟದಿಂದ ಒಂದು ಡಬ್ಬಿ ತೆಗೆದಳು. "ನನ್ ತಮ್ಮ ಇದ್ನ ಹೆಗಲಿಗಾಕ್ಕಂಡೇ ಪ್ರಾಣ ಬುಟ್ಟವ್ನೆ. ಇದ್ನೂ ಅವ್ನ್ ಜೊತೆಗೇ ಕಳಿಸ್ಬೇಕು."

ಮುಚ್ಚಳ ತೆರೆದು, ಹತ್ತಿ ಬಿಡಿಸಿ, ಉರುಟಾದ ಕಪ್ಪು ಕಲ್ಲನ್ನು ಅಂಗೈ ಮೇಲೆ ನಿಲ್ಲಿಸಿದಳು. ಹೆಬ್ಬೆರಳ ಗಾತ್ರ, ನುಣುಪು ಮೈ, ಅಡ್ಡಕ್ಕೆ ವಿಭೂತಿ ಎಳೆದಂಥ ಒಂದೇ ಒಂದು ಬಿಳಿ ಗೆರೆ.

"ಕೈಯಲ್ಲಿ ಇಷ್ಟಲಿಂಗ ಇದ್ದೋನಿಗೆ ಇನ್ನೊಂದು ಲಿಂಗ ಯಾಕಮ್ಮ?" ಎಂದರು ಗುರುಪಾದಸ್ವಾಮಿಗಳು.

"ಮಾದಪ್ಪನ ಬೆಟ್ಟದ್ದೋ, ಎಲ್ಲೀದೋ, ನಂಗೇನ್ ಗೊತ್ತು ಬುದ್ಧೀ? ಯಾರ್ಗೂ ಏಳ್ದೆ ಹತ್ತೀಲಿ ಸುತ್ತಿ ಮಡಿಕ್ಕಂಡಿದ್ದ. ಗುಟ್ಟಾಗಿ ಪೂಜೆ ಮಾಡ್ತಿದ್ದ ಅಂತ ಕಾಣ್ತದೆ ನನ್ ಕಂದ. ಮಜ್ಜನ ಮಾಡ್ಸಿ ಕೊಡ್ತೀನಿ, ಮಡಿಲಿಗೆ ಇಡಿ."

ಅವಳು ಪಕ್ಕದಲ್ಲಿದ್ದ ನೀರಿನ ಚೊಂಬನ್ನು ಎತ್ತಿದಳು. ನಯನಾ ಗಾಬರಿಯಾದಳು. ಅತ್ತಿಗೆ, ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಇನ್ನೊಬ್ಬರು ಕೂಗಿದರು.

"ನೀರು ಹಾಕ್ಬೇಡಿ! ಹಾಕ್ಬೇಡಿ, ಕರಗೋಗುತ್ತೆ!"

ಸೋಮೇಶ. ಕೂಗಿದ್ದೇ ಅಲ್ಲದೆ ಒಂದೇ ನೆಗೆತಕ್ಕೆ ಬಂದು ಅವಳ ಅಂಗೈಯಿಂದ ಕಲ್ಲನ್ನು ಕಿತ್ತುಕೊಂಡ. ಲ್ಯಾಬಿನಲ್ಲಿ ಅಷ್ಟು ವರ್ಷ ದುಡಿದವನ ಕೈ, ಯೋಚನೆ ಮಾಡುವ ಮುಂಚೆಯೇ ಮಾಡಿಬಿಟ್ಟಿತ್ತು. "ನೀರು ತಾಗಿದ್ರೆ ಮುಗೀತು. ಅವತ್ತೇ ಅರ್ಧ ಹೋಗಿದೆ, ಉಳಿದಿರೋದು ಇದೊಂದೇ ತುಂಡು..."

ಮಾತು ಅಲ್ಲಿಗೇ ನಿಂತಿತು. ತಾನು ಏನಂದೆ ಎಂದು ಅವನಿಗೆ ಆಗ ತಿಳಿಯಿತು.

ನಯನಾ ತೆರೆದ ಬಾಯನ್ನು ಮುಚ್ಚಿಕೊಂಡಿದ್ದಳು. ಈಗ ನಿಧಾನವಾಗಿ ಕೇಳಿದಳು. "ಯಾವತ್ತು ಸೋಮೇಶ? ಯಾವತ್ತು ಅರ್ಧ ಹೋಯ್ತು?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಕಲ್ ಕರಗ್ತದಾ?" ದೊಡ್ಡಮಲ್ಲಮ್ಮ ಚೊಂಬು ಹಿಡಿದುಕೊಂಡೇ ಸುತ್ತ ನೋಡಿದಳು. "ಅದೆಂತ ಲಿಂಗವಪ್ಪಾ ನೀರಿಗೆ ಕರಗಾದು?"

"ಲಿಂಗ ಅಲ್ಲ ಕಣತ್ತೆ." ಹುಣಸೆಮರದ ಬುಡದಿಂದ ಶಿವಮಲ್ಲು ಬಂದಿದ್ದ. ಜನರನ್ನು ಸರಿಸಿಕೊಂಡು ಸೋಮೇಶನ ಮುಂದೆ ನಿಂತು ಕಲ್ಲನ್ನು ಬಗ್ಗಿ ನೋಡಿದ. "ನಮ್ ಬೋರಿನ ಕಲ್ಲು ಇದು. ಈ ಬಿಳೇ ಗೆರೆ ನಂಗ್ ಗೊತ್ತಿಲ್ವಾ? ಪೆಟ್ಗೆ ಪೆಟ್ಗೆ ಹೊತ್ತಿವ್ನಿ ಇಂತವ್ನ." ತಲೆ ಎತ್ತಿದ. "ನೀರಿಗೆ ಕರಗೋ ಕಲ್ಲಿಗೆ ಯಾವ್ ದರ್ಜೆ ಸಾರ್?"

"ಶಿವಮಲ್ಲು, ಅದು... ಅದೆಲ್ಲ ಟೆಕ್ನಿಕಲ್ಲು, ನಿಮಗೆ..."

"ನಾನು ಮುಟ್ಟಾಳನೇ ಬುಡಿ. ಬೆಳಿಗ್ಗೆ ನನ್ ಹೆಗಲ್ ಮ್ಯಾಲೆ ಕೈ ಮಡ್ಗಿ ಅಂದ್ರಲ್ಲ, ಚಿಕ್ಕಪ್ಪನೇ ಒಂದ್ನೇ ದರ್ಜೆ ಅಂತ ನಂಬಿ ಕೊಟ್ಟಿದ್ದು ಅಂತ. ಕರಗ್ತದೆ ಅಂತ ಅವತ್ತೇ ನೋಡಿದ್ರಂತೆ ಈಗ. ನೋಡ್ಬುಟ್ಟು ಚಿಕ್ಕಪ್ಪ ಏನಂದ?"

ಸೋಮೇಶ ನಯನಾಳ ಕಡೆ ನೋಡಿದ. ಅವಳ ಅಡುಗೆಮನೆಯಲ್ಲಿ ಭಾನುವಾರಗಳಂದು ಇನ್ನೊಂದು ಮುದ್ದೆ ಬೇಕಾದಾಗ ನೋಡುತ್ತಿದ್ದ ಹಾಗೆಯೇ ನೋಡಿದ. ಅವಳಿಗೆ ಕನಿಕರ ಬರಲಿಲ್ಲ. ಬರಬೇಕಾದ ಕನಿಕರವನ್ನೆಲ್ಲ ಗಂಡ ಆಗಲೇ ಖರ್ಚು ಮಾಡಿ ಹೋಗಿದ್ದ.

"ಹೇಳು," ಎಂದಳು.

"ಮೂರನೇದು ಅಂದ್ರು."

"ಹಿಂದಿರೋರಿಗೆ ಕೇಳಿಸಲಿಲ್ಲ."

"ಮೂರನೇ ದರ್ಜೆ ಅಂದ್ರು! ಮುಟ್ಟಬೇಡಿ ಅಂತಲೇ ಕೊಟ್ಟಿದ್ರು ಸಾರ್," ಎಂದ ಸೋಮೇಶ. "ನಾನೊಬ್ಬನೇ ಏನು ಮಾಡ್ಲಿ ಅಕ್ಕ? ಮೇಲಿನವರು ಬದಲಾಯಿಸು ಅಂದ್ರು, ಬದಲಾಯಿಸಿದೆ. ಇಲ್ಲ ಅಂದಿದ್ರೆ ನನ್ನನ್ನೂ ತೆಗೀತಿದ್ರು."

"ಥೂ, ನಿನ್ ಜನ್ಮಕ್ಕಿಷ್ಟು," ಎಂದಳು ದೊಡ್ಡಮಲ್ಲಮ್ಮ. ಬೆಳಿಗ್ಗೆ ಲೊಚಗುಟ್ಟಿದ್ದ ಗಂಡಸರಲ್ಲಿ ಒಬ್ಬಿಬ್ಬರು ನೆಲ ನೋಡಿದರು. ನೋಡಲಿ. ಬೆಳಿಗ್ಗೆಯೇ ನೋಡಿದ್ದರೆ ಏನಾಗುತ್ತಿತ್ತು?

ಸೋಮೇಶ ಕಲ್ಲನ್ನು ಜೇಬಿನ ಕಡೆಗೆ ಒಯ್ದ. ಶಿವಮಲ್ಲು ಅವನ ಮಣಿಕಟ್ಟನ್ನು ಹಿಡಿದುಕೊಂಡ.

"ಅಲ್ಲಾಡ್ಬ್ಯಾಡ. ಕೈ ಬಿಚ್ಚು."

ನಯನಾ ಅತ್ತಿಗೆಯ ಕೈಯಿಂದ ಚೊಂಬು ತೆಗೆದುಕೊಂಡಳು. "ಇವರು ಮೈಸೂರಿಗೆ ಹೊರಟಿದ್ದೇ ಇದಕ್ಕೆ. ಒಂದು ಲೋಟ ನೀರು ತರಿಸಿ ಅಂತ ಕೇಳೋಕೆ," ಎಂದು ಎಲ್ಲರಿಗೂ ಹೇಳಿ, ಸೋಮೇಶನ ಅಂಗೈ ಮೇಲಿನ ಕಲ್ಲಿಗೆ ನೀರು ಹುಯ್ದಳು.

ಮೊದಲು ಏನೂ ಆಗಲಿಲ್ಲ. ಕಪ್ಪು ಮೈ ಒದ್ದೆಯಾಗಿ ಮಿನುಗಿತು. ಆಮೇಲೆ ಸಣ್ಣಗೆ ಸುಂಯ್ ಎಂದಿತು. ಮುಂದಿದ್ದವರು ಕತ್ತು ಚಾಚಿದರು, ಹಿಂದಿದ್ದವರು ತುದಿಗಾಲಲ್ಲಿ ನಿಂತರು. ಗುರುಪಾದಸ್ವಾಮಿಗಳೂ ಬಗ್ಗಿ ನೋಡಿದರು. ಗುಳ್ಳೆ ಎದ್ದವು, ಬಿಳಿ ಗೆರೆ ಎರಡಾಗಿ ಸೀಳಿತು, ಪದರಗಳು ಒಂದರ ಮೇಲೊಂದು ಜಾರಿದವು. ಅವಳು ಚೊಂಬು ಬರಿದಾಗುವ ತನಕ ನಿಧಾನವಾಗಿ ಹುಯ್ಯುತ್ತಲೇ ಇದ್ದಳು. ಸೋಮೇಶನ ಅಂಗೈಯಲ್ಲಿ ಈಗ ಕಲ್ಲಿರಲಿಲ್ಲ. ಕಪ್ಪು ಕೆಸರು ಬೆರಳ ಸಂದಿಯಿಂದ ಇಳಿದು ಬಿಳಿ ಅಂಗಿಯ ತೋಳಿನೊಳಗೆ ಹರಿಯುತ್ತಿತ್ತು.

ಶಿವಮಲ್ಲು ಮಣಿಕಟ್ಟು ಬಿಟ್ಟ. ಗುಣಿಯೊಳಗೆ ಇಳಿದು, ಮಂಡಿಯೂರಿ, ಕೈಚಾಚಿ ಚಿಕ್ಕಪ್ಪನ ವಾಲಿದ್ದ ಕತ್ತನ್ನು ನೆಟ್ಟಗೆ ಮಾಡಿದ. ಮೇಲೆ ಬಂದವನು ಸಿದ್ದಯ್ಯನ ಕೈಯಿಂದ ಗುದ್ದಲಿ ಇಸಿದುಕೊಂಡ.

"ಬುಡು ಸಿದ್ದಯ್ಯ, ನಾನ್ ಹಾಕ್ತೀನಿ."

"ತಡಿ ಶಿವಮಲ್ಲು," ಎಂದಳು ನಯನಾ. "ಮೊದಲ ಹಿಡಿ ಹಾಕೋಕೆ ಅಂತ ಬೆಳಿಗ್ಗೆಯಿಂದ ಕಾಯ್ತಾ ಇದ್ದಾನೆ. ಅವನೇ ಹಾಕ್ಲಿ, ಕೈಯಲ್ಲಿರೋದನ್ನೇ."

ಎಲ್ಲರೂ ಕಾದರು. ಸೋಮೇಶ ಗುಣಿಯ ಬಾಯಿಗೆ ಕೈ ಚಾಚಿದ. ಕೆಳಗೆ, ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿಕೊಂಡು ರಾಜಶೇಖರ ಕೂತಿದ್ದ. ಸೋಮೇಶ ಕೈ ಮಗುಚಿದ, ಒದರಿದ, ಮತ್ತೆ ಮತ್ತೆ ಒದರಿದ. ಕೆಸರು ಬೀಳಲಿಲ್ಲ. ಮುಷ್ಟಿ ಹಿಡಿದರೆ ಬೆರಳ ನಡುವಿನಿಂದ ಹೊರಗೆ ಉಕ್ಕುತ್ತಿತ್ತು, ಬಿಚ್ಚಿದರೆ ಅಂಗೈಗೆ ಅಂಟಿಕೊಂಡೇ ಇರುತ್ತಿತ್ತು.